ಒಂದೆಡಮಟ್ಟೆ ಉರಿಯುವಷ್ಟು ಹೊತ್ತು

ನಮ್ಮಜ್ಜಿಯ ಅಡುಗೆಯ ಗುಟ್ಟು ಮಸಾಲೆಯಲ್ಲಿರಲಿಲ್ಲ, ಸೌದೆಯಲ್ಲಿತ್ತು. ಈಗ ಇಷ್ಟು ಖಚಿತವಾಗಿ ಹೇಳುತ್ತೇನೆ; ಆಗ ಮನೆಯಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ಮದುವೆ ಗೊತ್ತಾಗಿ ಭದ್ರಾವತಿಗೆ ಹೊರಡಲಿದ್ದ ನಮ್ಮಕ್ಕ ನೂರು ಪುಟದ ನೋಟ್‌ಬುಕ್ ಹಿಡಿದು ಅಜ್ಜಿಯ ಮುಂದೆ ಕೂತಿದ್ದಳು. "ಗೆಣಸು ಎಷ್ಟೊತ್ತು ಬೇಯಬೇಕಜ್ಜಿ?" ಅಂದರೆ, "ಕಾಯಿಮಟ್ಟೆ ಬೂದಿ ಆಗೋಗಂಟ" ಅನ್ನುವುದು. "ಹುರುಳಿಕಾಳು?" ಅಂದರೆ, "ಅದ್ಕೆ ಜಾಲಿ ಸೌದೇನೇ ಬೇಕು ಕಣವ್ವ, ತೋಳುದ್ದದ್ದು ಎರಡು." ಗೊಜ್ಜಿನ ಬದನೆಕಾಯಿಗೆ, "ಒಂದೆಡಮಟ್ಟೆ ಉರ್ದು ಕೆಂಡ ಆಗ್ಲಿ, ಆಮೇಲೆ ಮಡಗು." ಅಕ್ಕ ಎಲ್ಲವನ್ನೂ ಮುದ್ದಾಗಿ ಬರೆದುಕೊಂಡಳು. ಭದ್ರಾವತಿಯ ಕ್ವಾರ್ಟರ್ಸ್‌ನಲ್ಲಿ ಸೀಮೆಎಣ್ಣೆ ಸ್ಟೌ ಮುಂದೆ ನಿಂತಾಗ ಆ ನೋಟ್‌ಬುಕ್ಕಿನ ಒಂದು ಸಾಲೂ ಕೆಲಸಕ್ಕೆ ಬರಲಿಲ್ಲ. ಅಲ್ಲಿ ಎಡಮಟ್ಟೆಯೂ ಇರಲಿಲ್ಲ, ಜಾಲಿಯೂ ಇರಲಿಲ್ಲ.

ಎಡಮಟ್ಟೆ ಅಂದರೆ ತೆಂಗಿನ ಗರಿಯ ದಪ್ಪ ಬುಡದ ದಿಂಡು. ನಮ್ಮ ಅರಸೀಕೆರೆ, ತಿಪಟೂರು ಸೀಮೆಯಲ್ಲಿ ವಿವರಿಸಬೇಕಾದ ಮಾತೇ ಅಲ್ಲ. ಸೋಗೆ ಬೇರೆ, ಎಡಮಟ್ಟೆ ಬೇರೆ, ಕಾಯಿಮಟ್ಟೆ ಬೇರೆ, ಚಿಪ್ಪು ಬೇರೆ. ಒಂದೇ ಮರದಿಂದ ಬಂದರೂ ನಾಲ್ಕರ ಉರಿಯೂ ನಾಲ್ಕು ಬಗೆ. ಸೋಗೆ ಭಗ್ಗೆಂದು ಹತ್ತಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಎಡಮಟ್ಟೆ ಹದವಾಗಿ ಉರಿದು ಹಗುರ ಕೆಂಡ ಬಿಡುತ್ತದೆ. ಚಿಪ್ಪಿನ ಕೆಂಡ ಗಟ್ಟಿ, ಬಿಸಿ ಜಾಸ್ತಿ, ಇಸ್ತ್ರಿಪೆಟ್ಟಿಗೆಗೂ ಅದೇ ಬೇಕು. ಕಾಯಿಮಟ್ಟೆ ಉರಿಯುವುದೇ ಇಲ್ಲ ಎನ್ನಬೇಕು. ಇಡೀ ರಾತ್ರಿ ಒಳಗೊಳಗೇ ಕನಲುತ್ತಾ ಬಿದ್ದಿರುತ್ತದೆ. ಇದರ ಮೇಲೆ ಬೆರಣಿ, ತೊಗರಿಕಡ್ಡಿ, ಜಾಲಿ, ಹುಣಸೆ. ಇಷ್ಟೂ ಉರಿಗಳನ್ನು ಅಜ್ಜಿ ಡಬ್ಬಿಯಲ್ಲಿನ ಸಾಂಬಾರ ಪದಾರ್ಥಗಳ ಹಾಗೆ ಬೇರೆ ಬೇರೆ ಇಟ್ಟುಕೊಂಡು, ಬೇಕಾದಾಗ ಬೇಕಾದ್ದನ್ನು ಬಳಸುತ್ತಿದ್ದಳು.

ಅಪ್ಪ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸದಲ್ಲಿದ್ದರು. ಅದು ಮೀಟರ್‌ಗೇಜಿನ, ಹೊಗೆಬಂಡಿಯ ಕಾಲ. ಇಂಜಿನ್ನುಗಳು ಉಗುಳಿದ ಅರೆಸುಟ್ಟ ಕಲ್ಲಿದ್ದಲನ್ನು ಆಯ್ದು ತಂದು ಊರಿನ ಎಷ್ಟೋ ಮನೆಗಳಲ್ಲಿ ಒಲೆ ಉರಿಸುತ್ತಿದ್ದರು, ನಮ್ಮ ಮನೆಯಲ್ಲೂ. ಅಜ್ಜಿ ಹಳ್ಳಿಯಿಂದ ಬಂದಾಗ ಆ ಒಲೆಯ ಮೇಲಿನ ಸಾರು ಬಾಯಿಗಿಟ್ಟು, "ರೈಲು ವಾಸ್ನೆ ಬತ್ತದೆ" ಅಂದು ತಟ್ಟೆ ಸರಿಸಿಬಿಡುತ್ತಿತ್ತು. ಅಮ್ಮನಿಗೆ ಸಿಟ್ಟು. ನಮಗೆ ನಗು. ಆದರೆ ರಜ ಬಂದ ತಕ್ಷಣ ನಾವು ಅಣ್ಣತಮ್ಮಂದಿರು, ದೊಡ್ಡಪ್ಪನ ಮಕ್ಕಳು, ಅತ್ತೆ ಮಕ್ಕಳು ಎಲ್ಲ ಸೇರಿ ಓಡುತ್ತಿದ್ದದ್ದು ಅಜ್ಜಿಯ ಊರಿಗೇ.

ಊರು ಅರಸೀಕೆರೆಗೂ ಜಾವಗಲ್ಲಿಗೂ ನಡುವೆ, ಒಂದು ಅಮೃತಮಹಲ್ ಕಾವಲಿನ ಅಂಚಿನಲ್ಲಿತ್ತು. ಕಾವಲು ಎಂದರೆ ಹುಲ್ಲುಗಾವಲು. ಉಳುವಂತಿಲ್ಲ, ಕಟ್ಟುವಂತಿಲ್ಲ, ದನ ಮೇಯಲಿಕ್ಕೆಂದೇ ದೊರೆಗಳು ಬಿಟ್ಟ ನೆಲ. ಮೈಸೂರಿನ ಚಿಕ್ಕದೇವರಾಜ ಒಡೆಯರು (1673–1704) ಅರಮನೆಗೆ ಹಾಲು ಬೆಣ್ಣೆ ಒದಗಿಸಲು 'ಬೆಣ್ಣೆ ಚಾವಡಿ' ಎಂಬ ಇಲಾಖೆ ಮಾಡಿದ್ದರು. ಮುಂದೆ ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ, ಬೆಣ್ಣೆಗಿಂತ ಹೆಚ್ಚಾಗಿ ಅದರ ಎತ್ತುಗಳನ್ನು ದಂಡಿಗೆ ನೆಚ್ಚಿಕೊಂಡ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಂದೆಗಳು ಬ್ರಿಟಿಷರ ಪಾಲಾದವು, ಅವರ ಫಿರಂಗಿ ಎಳೆದವು. 1860ರಲ್ಲಿ ಖರ್ಚು ಜಾಸ್ತಿಯೆಂದು ಮಂದೆಗಳನ್ನೆಲ್ಲ ಮಾರಿ, ಎತ್ತು ಸಿಗದೆ ಪರದಾಡಿ, 1866ರಲ್ಲಿ ಮತ್ತೆ ಕಟ್ಟಿದರು. ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗದ ಬಯಲಿನಲ್ಲಿ ಚದುರಿದ್ದ ಕಾವಲುಗಳಲ್ಲಿ ಕೆಲವು ಬೇಸಿಗೆಗೆ, ಕೆಲವು ಮಳೆಗಾಲಕ್ಕೆ, ಕೆಲವು ಚಳಿಗಾಲಕ್ಕೆ. ಹುಲ್ಲು ನೋಡಿಕೊಂಡು ಮಂದೆ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿತ್ತು.

ಅಜ್ಜನ ಮನೆಯ ದನಗಳು ಸರ್ಕಾರದ್ದಲ್ಲ, ಆದರೆ ರಕ್ತ ಅದೇ. ಬೂದಿ ಬಣ್ಣ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪು ಕೊಂಬು, ಹೊಸಬರು ಹತ್ತಿರ ಹೋದರೆ ಬುಸುಗುಟ್ಟುವ ಸಿಡುಕು. ಓಡುವುದರಲ್ಲಿ, ಎಳೆಯುವುದರಲ್ಲಿ ಸಾಟಿಯಿಲ್ಲ. ಹಾಲು ಮಾತ್ರ ಕರುವಿಗೆ ಸಾಕಾದರೆ ಪುಣ್ಯ. ಬೆಣ್ಣೆ ಚಾವಡಿಯ ವಂಶಸ್ಥರ ಕಥೆ ಇದು! ಮನೆಯ ಹಾಲು ಮೊಸರಿಗೆ ನಾಟಿ ಎಮ್ಮೆಗಳಿದ್ದವು. ಹೋರಿಗರುಗಳನ್ನು ಸಾಕಿ, ಜೋಡಿ ಕೂಡಿಸಿ, ಗೇಯ್ಮೆ ಕಲಿಸಿ ದನಗಳ ಜಾತ್ರೆಯಲ್ಲಿ ಮಾರುವುದು ಅಜ್ಜನ ಕಸುಬು. ಅಜ್ಜ ಬೇಗ ಹೋದರು. ಆಮೇಲೆ ಹಲ್ಲು ನೋಡಿ ವಯಸ್ಸು ಹೇಳುವುದು, ಸುಳಿ ನೋಡಿ ಬೆಲೆ ಕಟ್ಟುವುದು, ವ್ಯಾಪಾರಿಯ ಕೈಯನ್ನು ಟವೆಲ್ಲಿನಡಿ ಹಿಡಿದು ಬೆರಳಲ್ಲೇ ದರ ಕುದುರಿಸುವುದು ಎಲ್ಲವನ್ನೂ ಅಜ್ಜಿಯೇ ಮಾಡಿದಳು. ಸುತ್ತಿನ ಹಳ್ಳಿಗಳಲ್ಲಿ ಹೆಂಗಸೊಬ್ಬಳು ಟವೆಲ್ಲಿನಡಿ ಕೈ ಹಾಕಿದ್ದು ಇವಳೇ ಮೊದಲು ಅಂತ ದೊಡ್ಡಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ಇರಬಹುದು.

ದನದ ಹಿಂದೆ ಬದುಕಿದವಳಿಗೆ ಒಳಮನೆಯ ಒಲೆ ವರ್ಷದಲ್ಲಿ ಅರ್ಧ ದಿನ ಸಿಗುತ್ತಿರಲಿಲ್ಲ. ಮುಂಗಾರು ತಡವಾದ ವರ್ಷ ಕಾವಲಿನ ಹುಲ್ಲೆಲ್ಲ ಕರಕಲಾದರೆ ದನ ಹೊಡೆದುಕೊಂಡು ಹಳೇಬೀಡು ದಾಟಿ ಬೇಲೂರಿನಾಚೆಗೆ, ಮಲೆನಾಡಿನ ಸೆರಗಿಗೆ ಹೋಗಬೇಕು. ಅಜ್ಜಿಯ ತವರು ಅಲ್ಲೇ. ಬೇಸಿಗೆಯಲ್ಲಿ ಜಾತ್ರೆ. ಚಳಿಗಾಲದಲ್ಲಿ ಕಣ. ಎಲ್ಲಿ ಹೋದರೂ ಮೂರು ಕಲ್ಲು ಸಿಕ್ಕೇ ಸಿಗುತ್ತವೆ. "ಕಲ್ಲು ಮೂರು ಸಾಕು, ನಾಕ್ನೇದು ಕೂತ್ಕಳಕೆ" ಅನ್ನುತ್ತಿತ್ತು.

ದಾರಿಯ ಬುತ್ತಿಗೆ ಹುರಿಟ್ಟು. ರಾಗಿಯ ಮೇಲೆ ನೀರು ಮಜ್ಜಿಗೆ ಚಿಮುಕಿಸಿ, ನೆರಳಲ್ಲಿ ಆರಿಸಿ, ಕಾದ ಮರಳಲ್ಲಿ ಹಾಕಿದರೆ ಚಟಪಟ ಅರಳುತ್ತದೆ. ಅದನ್ನು ಜರಡಿ ಹಿಡಿದು, ಬೀಸುವ ಕಲ್ಲಿನಲ್ಲಿ ಬೀಸಿದರೆ ಘಮ್ಮೆನ್ನುವ ಹಿಟ್ಟು. ವಾರಗಟ್ಟಲೆ ಕೆಡದು, ಮತ್ತೆ ಬೇಯಿಸಬೇಕಾಗಿಲ್ಲ. ಬೆಲ್ಲ, ಕಾಯಿತುರಿ, ಹಾಲು ಇದ್ದರೆ ಹಬ್ಬ. ಇಲ್ಲದಿದ್ದರೆ ಮಜ್ಜಿಗೆ, ಉಪ್ಪು, ಒಂದು ಈರುಳ್ಳಿ. ಮರಳು ಕಾಯಿಸಲು ಅಜ್ಜಿಗೆ ತೊಗರಿಕಡ್ಡಿಯೇ ಆಗಬೇಕು. ಆ ಉರಿಯನ್ನು ಒಂದೊಂದೇ ಕಡ್ಡಿ ತುರುಕಿ ಏರಿಸಬಹುದು, ಎಳೆದು ಇಳಿಸಬಹುದು. ದಪ್ಪ ಸೌದೆ ಹಾಕಿದರೆ ಮರಳು ಮಿತಿಮೀರಿ ಕಾಯ್ದು, ರಾಗಿ ಅರಳುವ ಮೊದಲೇ ಸೀದುಹೋಗುತ್ತದೆ.

ಆದರೆ ಬೆಂಕಿಯ ನಿಜವಾದ ಹಬ್ಬ ಕಣದಲ್ಲಿ. ಈಗಿನ ಮಕ್ಕಳಿಗೆ ಕಣ ಎಂದರೇನೆಂದು ಹೇಳಬೇಕಾಗಿದೆಯಲ್ಲ! ಕೊಯ್ದ ರಾಗಿ ಮೆದೆ ಹಾಕಿ ಒಣಗಿದ ಮೇಲೆ, ಹೊಲದಂಚಿನಲ್ಲಿ ನೆಲ ಕೆತ್ತಿ, ನೀರು ಹಾಯಿಸಿ ತುಳಿದು ಗಟ್ಟಿ ಮಾಡಿ, ಸಗಣಿ ಬಳಿದು, ನಡುವೆ ಮೇಟಿಕಂಬ ನೆಡುತ್ತಿದ್ದರು. ತೆನೆ ಹರಡಿ ಎತ್ತುಗಳಿಗೆ ರೋಣಗಲ್ಲು ಕಟ್ಟಿ ಸುತ್ತಿಸಿ ಒಕ್ಕುವುದು, ಗಾಳಿ ನೋಡಿ ತೂರುವುದು, ರಾಶಿ ಮಾಡಿ ಪೂಜೆ ಮಾಡುವುದು. ಅಷ್ಟೂ ಮುಗಿಯುವವರೆಗೆ ರಾತ್ರಿ ಕಾವಲು ಬೇಕು. ಪುಷ್ಯದ ಚಳಿ. ಬಯಲಿನಿಂದ ಬೀಸುವ ಗಾಳಿ ಕಂಬಳಿಯೊಳಗೇ ಬರುತ್ತದೆ. ಕಾವಲಿಗೆ ಗಂಡಸರು ಹೋಗುವುದು ರೂಢಿ. ನಮ್ಮಲ್ಲಿ ಅಜ್ಜಿ ಹೋಗುತ್ತಿದ್ದಳು, ಅವಳ ಹಿಂದೆ ನಾವೊಂದು ದಂಡು.

ಕಾವಲಿನ ರಾತ್ರಿಗಳಲ್ಲಿ ನಾವು ಬೆಂಕಿಯಲ್ಲಿ ಸುಡುತ್ತಿದ್ದ ಅವರೆ ಅದೇ ಹೊಲದ್ದು. ನಮ್ಮ ಕಡೆ ರಾಗಿ ಒಂದನ್ನೇ ಬಿತ್ತುತ್ತಿರಲಿಲ್ಲ. ಆರೇಳು ಸಾಲಿಗೊಂದು ಅಕ್ಕಡಿ ಸಾಲು, ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಒಂದಿಷ್ಟು ಜೋಳ, ಅಲ್ಲೊಂದು ಇಲ್ಲೊಂದು ಅಲಸಂದೆ. ರಾಗಿ ಕೊಯ್ದರೂ ಅವರೆ ಇನ್ನೂ ಹೂವು ಕಾಯಿ ಬಿಡುತ್ತಾ ನಿಂತಿರುತ್ತದೆ. ಮಾರ್ಗಶಿರ ಪುಷ್ಯದ ಇಬ್ಬನಿ ಬಿದ್ದ ಕಾಯಿಯ ಮೇಲೆ ಜಿಡ್ಡಿನಂತೆ ಸೊಗಡು ಕೂತಿರುತ್ತದೆ. ಕಿತ್ತವನ ಕೈ ಎರಡು ದಿನ ವಾಸನೆ. ಅಜ್ಜಿ ಕಾಯಿ ಬಿಡಿಸಲು ಬಿಡುತ್ತಿರಲಿಲ್ಲ. ಗೊನೆಗೊನೆಯಾಗಿ, ಬಳ್ಳಿಯ ತುದಿ ಸಮೇತ ಕುಯ್ದು ತಂದು, ನೆಲದ ಮೇಲೆ ಒಣ ಸೋಗೆ ಹಾಸಿ, ಅದರ ಮೇಲೆ ಅವರೆ, ಅದರ ಮೇಲೆ ಮತ್ತೆ ತೆಳ್ಳಗೆ ಸೋಗೆ. ಕೆಳಗಿನಿಂದ ಕಡ್ಡಿ ಗೀರಿದರೆ ಒಂದೇ ಬಾರಿಗೆ ಆಳೆತ್ತರ ಜ್ವಾಲೆ. ಹುಡುಗರೆಲ್ಲ ಹೋ ಎನ್ನುತ್ತಿದ್ದೆವು. ಅಷ್ಟರಲ್ಲಿ ಮುಗಿಯಿತು. ಹಸಿ ಹೊಂಗೆ ಕೊಂಬೆಯಿಂದ ಒಮ್ಮೆ ಮಗುಚಿ, ಉಳಿದ ಕಾವಿನಲ್ಲಿ ಬಿಟ್ಟು, ಬೂದಿ ಊದಿದರೆ ಆಯಿತು. ಸಿಪ್ಪೆ ಕರಿ, ಒಳಗೆ ಕಾಳು ಹಸಿರು. ತನ್ನದೇ ನೀರಲ್ಲಿ ಬೆಂದ ಕಾಳು. ಬಾಯಿ, ಮೂತಿ, ಅಂಗಿ ಎಲ್ಲ ಮಸಿ. ಉಪ್ಪು ಬೇಕೆಂದವನಿಗೆ ಅಜ್ಜಿಯ ಬೈಗುಳ: "ಸೊಗಡಿಗಿಂತ ಉಪ್ಪಾ? ತಿನ್ಲಾ ಸುಮ್ನೆ." ಜಾಲಿ ಕೆಂಡದಲ್ಲಿ ಸುಟ್ಟರೆ ಯಾಕಾಗದು ಅಂತ ಒಮ್ಮೆ ಅತ್ತೆ ಮಗ ತಾನೇ ಸುಟ್ಟು ನೋಡಿದ. ಸಿಪ್ಪೆ ಸೀದು ಕಾಳಿಗೆ ಅಂಟಿತು, ಸೊಗಡು ಹಾರಿಹೋಗಿ ಬರೀ ಹೊಗೆ ಉಳಿಯಿತು. ಸೋಗೆಯ ಉರಿ ದೊಡ್ಡದು, ಆಯಸ್ಸು ಚಿಕ್ಕದು. ಅದಕ್ಕೇ ಸೊಗಡು ಉಳಿಯುತ್ತದೆ.

ಅವರೆ ಆಟಕ್ಕೆ. ಊಟಕ್ಕೆ ಮುದ್ದೆ, ಉಪ್ಸಾರು. ಮೂರು ಕಲ್ಲಿನ ನಡುವೆ ಜಾಲಿ ಸೌದೆ. ಮಡಕೆಯ ಎಸರು ಕುದಿ ಬಂದಾಗ ಅಜ್ಜಿ ಮೊದಲು ಒಂದು ಹಿಡಿ ಹಿಟ್ಟು ಕದಡಿ ಹಾಕುತ್ತಿದ್ದಳು. ಅದು ಅಂಬಲಿಯಾಗಿ ಕೊತಕೊತ ಎಂದ ಮೇಲೆ ಉಳಿದ ಹಿಟ್ಟನ್ನು ನಡುವೆ ಗೋಪುರ ಮಾಡಿ ಸುರಿದು, ಮುದ್ದೆಕೋಲಿನಿಂದ ಒಂದು ತೂತು. ತಿರುವುವಂತಿಲ್ಲ. ಆಗಲೇ ಸೌದೆ ಹಿಂದಕ್ಕೆಳೆದು, ಬರೀ ಕೆಂಡದ ಮೇಲೆ ಬೇಯಲು ಬಿಡಬೇಕು. ತೂತಿನಿಂದ ನೀರು ಉಕ್ಕಿ ಹಿಟ್ಟಿನ ನೆತ್ತಿ ತೋಯುತ್ತದೆ. ಉರಿ ಎಳೆಯದೆ ಅವಸರ ಮಾಡಿದವರ ಮುದ್ದೆಯಲ್ಲಿ ಗಂಟು ಗ್ಯಾರಂಟಿ. ಕೊನೆಗೆ ಮಡಕೆ ಇಳಿಸಿ, ಕವೆಗೋಲಿನ ಎರಡು ತುದಿಯನ್ನು ಕಾಲಲ್ಲಿ ಒತ್ತಿ ಹಿಡಿದು, ಮೈಯೆಲ್ಲ ಬಳಸಿ ತೊಳಸುವುದು. ಎಪ್ಪತ್ತರ ಹತ್ತಿರದ ಮುದುಕಿಯ ತೋಳಲ್ಲಿ ಆ ಹೊತ್ತು ನರಗಳು ಎದ್ದು ಕಾಣುತ್ತಿದ್ದವು.

ಉಪ್ಸಾರಿಗೆ ಹೊಲದ ಬದುವಿನಲ್ಲಿ ಸಂಜೆ ನಾವೇ ಕಿತ್ತು ತಂದ ಬೆರಕೆ ಸೊಪ್ಪು: ಅಣ್ಣೆ, ಗಣಿಕೆ, ಹೊನಗೊನ್ನೆ, ದಂಟು. ಅವರೆಕಾಳು, ಸೊಪ್ಪು, ಉಪ್ಪು ಹಾಕಿ ಬೇಯಿಸಿ ಬಸಿದ ಕಟ್ಟು ಒಂದು ಕಡೆ. ಖಾರಕ್ಕೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಒಂದು ತುಂಡು ಕೊಬ್ಬರಿ ಎಲ್ಲವನ್ನೂ ಕೆಂಡದ ಮೇಲೆ ಸುಟ್ಟು, ಮೆಣಸು, ಜೀರಿಗೆ, ಹುಣಸೆಹಣ್ಣಿನ ಜೊತೆ ಚಪ್ಪಟೆ ಕಲ್ಲಿನ ಮೇಲೆ ಗುಂಡುಕಲ್ಲಿನಿಂದ ಅರೆಯುವುದು. ಕೊಬ್ಬರಿಯನ್ನು ಚಿಪ್ಪಿನ ಕೆಂಡದಲ್ಲೇ ಸುಡಬೇಕು. ಎಣ್ಣೆ ಜಿನುಗಿ ಅಂಚು ಕೆಂಪಾದಾಗ ತೆಗೆಯಬೇಕು. ಖಾರದ ಉಂಡೆ ಮುದ್ದೆಯ ಪಕ್ಕ, ಕಟ್ಟು ಸುತ್ತಲೂ. ಮುತ್ತುಗದ ಎಲೆ ಸೋರುತ್ತದೆಂದು ಎರಡೆರಡು ಎಲೆ ಹಾಕಿಕೊಳ್ಳುತ್ತಿದ್ದೆವು, ಆದರೂ ಸೋರುತ್ತಿತ್ತು. ಹೊಟ್ಟೆಗೆ ಬಿದ್ದ ಮೇಲೆ ಚಳಿ ಗಿಳಿ ಏನೂ ಇಲ್ಲ. ಆಮೇಲೆ ಕಾಯಿಮಟ್ಟೆಯ ಗುಡ್ಡೆಯಲ್ಲಿ ಗೆಣಸು ಹೂತು ಮಲಗುವುದು. ಬೆಳಗಿನ ಜಾವ ಎದ್ದವನಿಗೆ ಮೊದಲ ಗೆಣಸು. ನಮ್ಮ ದೊಡ್ಡಪ್ಪನ ಮಗ, ಈಗ ದಾವಣಗೆರೆಯಲ್ಲಿ ಮೇಷ್ಟ್ರಾಗಿ ನಿವೃತ್ತ, ರಾತ್ರಿಯೆಲ್ಲ ನಿದ್ದೆ ಮಾಡುತ್ತಿರಲಿಲ್ಲ ಅನ್ನುವುದು ಅದಕ್ಕೇ.

ಸಂಕ್ರಾಂತಿಯ ಸಂಜೆ ಊರಬಾಗಿಲಲ್ಲಿ ಹುಲ್ಲು ಹರಡಿ, ಬೆಂಕಿ ಹಚ್ಚಿ, ಸಿಂಗರಿಸಿದ ದನಗಳನ್ನು ಕಿಚ್ಚು ಹಾಯಿಸುತ್ತಿದ್ದರು. ಆ ಬೂದಿಯಲ್ಲಿ ಗೆಣಸು ಹೂಳಲು ಹೋದ ನಮಗೆ ಅಜ್ಜಿ ನಕ್ಕಿದ್ದು ನೆನಪಿದೆ. "ಹುಲ್ಲು ಬೂದೀಲಿ ಗೆಣ್ಸು ಬೇಯ್ತದೇನ್ಲಾ? ಅದು ದನಿನ್ ಭಯ ಬಿಡಿಸೋ ಬೆಂಕಿ, ಹೊಟ್ಟೆಗಲ್ಲ."

ಚೈತ್ರದಲ್ಲಿ ಬೇಲೂರು ತೇರು. ಯುಗಾದಿ ಕಳೆದು ಚೆನ್ನಕೇಶವನ ರಥ ಹೊರಡುವ ದಿನಗಳಲ್ಲಿ ಅಜ್ಜಿ ತವರಿಗೆ ಬಂಡಿ ಕಟ್ಟಿಸುತ್ತಿದ್ದಳು. ತೇರಿನ ಮುಂದೆ ದೊಡ್ಡಮೇದೂರಿನ ಖಾಜಿಯವರು ಕುರಾನ್ ಓದಿದ ಮೇಲೆಯೇ ರಥ ಮಿಸುಕುವುದು ಎಂಬುದನ್ನು ನಮಗೆ ಮೊದಲು ಹೇಳಿದವಳೂ ಅವಳೇ. ಅದು ಅವಳಿಗೆ ಬೆರಗಿನ ಸಂಗತಿಯಾಗಿರಲಿಲ್ಲ, ಪದ್ಧತಿ, ಅಷ್ಟೆ. ಜಾವಗಲ್ಲಿನಲ್ಲಿ ನರಸಿಂಹನಿಗೆ ಕೈಮುಗಿದು, ಬಿಸಿಲೇರುವ ಹೊತ್ತಿಗೆ ಹಳೇಬೀಡು ಕೆರೆಯ ದಡ. ಎತ್ತು ಬಿಚ್ಚಿ, ಮೈತೊಳೆದು, ಮರದ ನೆರಳಲ್ಲಿ ಕಟ್ಟಿ, ಮೂರು ಕಲ್ಲು ಹುಡುಕುವುದು. ಎದುರಿಗೇ ಹೊಯ್ಸಳೇಶ್ವರ. 1121ರ ಸುಮಾರಿಗೆ ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲ ಕಟ್ಟಿಸಲು ಶುರುಮಾಡಿದ ಗುಡಿ, 1311ರಲ್ಲಿ ಮಲಿಕ್ ಕಾಫರನ ದಂಡು ಬಂದ ರಾಜಧಾನಿ. ಇದೆಲ್ಲ ನಾವು ಪಠ್ಯಪುಸ್ತಕದಿಂದ ಒಪ್ಪಿಸಿದರೆ ಅಜ್ಜಿ ಹೂಂಗುಟ್ಟುತ್ತಾ ಬದನೆಕಾಯಿ ಆರಿಸುತ್ತಿತ್ತು.

ಅವಳಿಗೆ ಗುಡಿಯೊಳಗಿನ ಲಿಂಗಕ್ಕಿಂತ ಹೊರಗಿನ ನಂದಿಗಳ ಮೇಲೆ ಕಣ್ಣು. ಕೈಮುಗಿದು, ಸುತ್ತು ಹಾಕಿ, ಕೊರಳ ಕೆಳಗಿನ ಗಂಗೆದೊಗಲು, ಇಣಿ, ಬೆನ್ನು ಎಲ್ಲ ದಿಟ್ಟಿಸಿ ನೋಡಿ ತೀರ್ಪು ಕೊಡುತ್ತಿದ್ದಳು. "ಚೆಂದಾಗೈತೆ. ಮೇವು ಕಂಡ ದನ. ಆದ್ರೆ ನೇಗ್ಲಿಗೆ ಆಗಾಕಿಲ್ಲ, ಮೈ ಭಾರ. ಇದು ನಮ್ ಕಾವಲಿನ ತಳಿ ಅಲ್ಲ ಬಿಡು." ಕೆತ್ತಿದ ರೂವಾರಿ ಕೇಳಿಸಿಕೊಂಡಿದ್ದರೆ ಏನನ್ನುತ್ತಿದ್ದನೋ.

ಆ ದಡದ ಅಡುಗೆ ಸುಟ್ಟ ಬದನೆಕಾಯಿ ಗೊಜ್ಜು. ಅದಕ್ಕೆ ಅಜ್ಜಿ ಬಂಡಿಯಲ್ಲಿ ಹುಲ್ಲಿನ ನಡುವೆ ಹುದುಗಿಸಿ ತರುತ್ತಿದ್ದ ಪಾತ್ರೆ ಒಂದು ಕಲ್ಲುಮರಿಗೆ. ಬೇಲೂರು ಹಳೇಬೀಡಿನ ಗೊಂಬೆಗಳನ್ನು ಕಡೆದ ಬಳಪದ ಕಲ್ಲಿನ ಜಾತಿಯದೇ. ಆ ಕಲ್ಲು ಉಳಿಗೆ ಮೆತ್ತಗೆ ಒದಗುತ್ತದೆ, ಆದ್ದರಿಂದಲೇ ಮದನಿಕೆಯರ ಬಳೆಯ ನಡುವೆ ಬೆಳಕು ತೂರುವಂತೆ ಕೆತ್ತಲಿಕ್ಕಾಯಿತು. ಕಾವನ್ನು ನಿಧಾನಕ್ಕೆ ಹೀರಿ ನಿಧಾನಕ್ಕೆ ಬಿಡುತ್ತದೆ, ಆದ್ದರಿಂದಲೇ ಗೊಜ್ಜು ಒಲೆಯಿಂದಿಳಿದ ಮೇಲೂ ಕುದಿಯುತ್ತಿರುತ್ತದೆ. ಹುಳಿಗೂ ಜಗ್ಗದು. ಹೊಸ ಮರಿಗೆಯನ್ನು ಹಾಗೇ ಬೆಂಕಿಗಿಟ್ಟರೆ ಸೀಳುತ್ತದೆ. ಹರಳೆಣ್ಣೆ, ಅರಿಸಿನ ಬಳಿದು ಒಂದಷ್ಟು ದಿನ ಬಿಸಿಲಿಗಿಟ್ಟು, ಗಂಜಿ ಕಾಯಿಸಿ ಚೆಲ್ಲಿ, ಮೆಲ್ಲಗೆ ಪಳಗಿಸಬೇಕು. ಅಜ್ಜಿಯದು ಅವಳ ಅವ್ವನಿಂದ ಬಂದದ್ದು, ಒಳಗೆಲ್ಲ ಕನ್ನಡಿಯಂತೆ ನುಣುಪು.

ಎಡಮಟ್ಟೆ ಉರಿದ ಕೆಂಡವನ್ನು ಹರಡಿ, ಮೇಲೆ ತೆಳುವಾಗಿ ಬೂದಿ ಉದುರಿಸಿ, ಎಣ್ಣೆ ಸವರಿದ ಗುಂಡು ಬದನೆಕಾಯಿಗಳನ್ನು ತೊಟ್ಟು ಸಮೇತ ಇಡುವುದು. ಪಕ್ಕದಲ್ಲಿ ಸಿಪ್ಪೆ ಬಿಡಿಸದ ಈರುಳ್ಳಿ, ಹಸಿಮೆಣಸಿನಕಾಯಿ. ಬದನೆಕಾಯಿ ಸುಕ್ಕಾಗಿ, ತೊಟ್ಟಿನ ಹತ್ತಿರ ನೊರೆ ಬಂದಾಗ ಬೆಂದಂತೆ. ಬಿಸಿಯಿರುವಾಗಲೇ ಸಿಪ್ಪೆ ಸುಲಿಯಬೇಕು. ನೀರಿನಲ್ಲಿ ಅದ್ದಿ ಸುಲಿದರೆ ಸುಟ್ಟ ಘಮ ನೀರಿಗೇ ಹೋಗುತ್ತದೆಂದು ಬೈಯುತ್ತಿದ್ದಳು, ಹಾಗಾಗಿ ನಮ್ಮ ಬೆರಳ ತುದಿಗಳಿಗೆ ಶಿಕ್ಷೆ. ಎಲ್ಲವನ್ನೂ ಮರಿಗೆಯಲ್ಲಿ ಕೈಯಿಂದಲೇ ಹಿಸುಕಿ, ಹುಣಸೆರಸ, ಉಪ್ಪು, ಚೂರು ಬೆಲ್ಲ, ಹುರಿದು ಕುಟ್ಟಿದ ಹುಚ್ಚೆಳ್ಳಿನ ಪುಡಿ ಹಾಕಿ ಒಂದು ಕುದಿ. ಹುಚ್ಚೆಳ್ಳು ಹಾಕುವುದು ಬಯಲುಸೀಮೆಯ ಅತ್ತೆ ಕಲಿಸಿದ್ದು, ಬೆಲ್ಲ ತವರಿನದು. ಜೊತೆಗೆ ಮನೆಯಿಂದ ಕಟ್ಟಿ ತಂದ ರಾಗಿರೊಟ್ಟಿ.

ಅಲ್ಲಿಂದ ಬೇಲೂರಿಗೆ 16 ಕಿಲೋಮೀಟರು. ಆ ಹಾದಿಯಲ್ಲಿ ನೆಲವೂ ಊಟವೂ ಬದಲಾಗುತ್ತವೆ. ಹಿಂದೆ ತೆಂಗು ರಾಗಿ, ಮುಂದೆ ಗದ್ದೆ, ಅದರಾಚೆ ಕಾಫಿ. ಅಜ್ಜಿಯ ಅಣ್ಣನ ಮನೆಯಲ್ಲಿ ಅಕ್ಕಿರೊಟ್ಟಿ, ಕಡುಬು. ಮುದ್ದೆ ಕೇಳಿದರೆ ನಗುತ್ತಿದ್ದರು. ಅವಳು ಆ ಊರಿಂದ ತಂದ ಬೆಂಕಿಯಡುಗೆ ಒಂದೇ, ಏಡಿ. ಮಳೆಗಾಲದಲ್ಲಿ ಗದ್ದೆ ಬದುವಿನ ಏಡಿಗಳನ್ನು ಕೆಂಡದಲ್ಲಿ ಸುಟ್ಟು, ಕುಟ್ಟಿ, ರಸ ಹಿಂಡಿ, ಮೆಣಸು ಬೆಳ್ಳುಳ್ಳಿ ಹಾಕಿ ಕುದಿಸಿದ ಸಾರು. ಶೀತಕ್ಕೆ ಅದೇ ಔಷಧಿ. ಅರಸೀಕೆರೆ ಕಡೆಯ ಬಂಧುಗಳು ಅದನ್ನು ಕಂಡು ಮೂಗು ಮುಚ್ಚುತ್ತಿದ್ದರು. ನನಗೂ ಅದು ಸೇರಲಿಲ್ಲವೆಂದು ಒಪ್ಪಿಕೊಂಡುಬಿಡುತ್ತೇನೆ.

ಎಲ್ಲಕ್ಕಿಂತ ಕಷ್ಟದ ಬೆಂಕಿ ಗಿಣ್ಣಿನದು. ಎಮ್ಮೆ ಈದ ದಿನ ಕರು ಕುಡಿದು ಉಳಿದ ಹಾಲು ಹಳದಿಗೆ, ಗಟ್ಟಿಗೆ ಇರುತ್ತದೆ. ಎಮ್ಮೆ ಕೊಟ್ಟಿಗೆಯಲ್ಲೇ ಈಯಬೇಕೆಂದೇನಿಲ್ಲವಲ್ಲ. ಹೊಲದಲ್ಲಿ, ಕಾವಲಿನ ಅಂಚಿನಲ್ಲಿ ಈದರೆ ಅಲ್ಲೇ ಒಲೆ. ಮೊದಲ ದಿನದ ಗಿಣ್ಣುಹಾಲಿಗೆ ಅಷ್ಟೇ ಬರಿಹಾಲು ಬೆರೆಸಿ, ಬೆಲ್ಲ ಕರಗಿಸಿ ಶೋಧಿಸಿ, ಏಲಕ್ಕಿ ಕುಟ್ಟಿ ಹಾಕಿ, ಆ ಪಾತ್ರೆಯನ್ನು ನೀರಿರುವ ಇನ್ನೊಂದು ಪಾತ್ರೆಯೊಳಗೆ ಇಟ್ಟು, ಮುಚ್ಚಳದ ಮೇಲೊಂದು ಕಲ್ಲು. ಕೆಳಗೆ ಬೆರಣಿ ಮತ್ತು ಕಾಯಿಮಟ್ಟೆ. ಜ್ವಾಲೆ ಕಂಡರೆ ಕೆಟ್ಟಿತು. ಕಾವು ಸ್ವಲ್ಪ ಮಿತಿ ಮೀರಿದರೂ ಗಿಣ್ಣು ಒಡೆದು ಪುಡಿ ಬೇರೆ, ನೀರು ಬೇರೆ. ಹದವಾಗಿ ಬೆಂದರೆ ಚಾಕು ಹಾಕಿ ಬಿಲ್ಲೆ ಕುಯ್ಯಬಹುದು. ಅಜ್ಜಿ ಆ ಹೊತ್ತು ಅಲ್ಲಿಂದ ಏಳುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಮೊದಲ ಬಿಲ್ಲೆ ದನ ಕಾಯುವ ಹುಡುಗನಿಗೆ, ಆಮೇಲೆ ನಮಗೆ. ಈ ಕ್ರಮವನ್ನು ಯಾರೂ ಪ್ರಶ್ನಿಸಿದ್ದಿಲ್ಲ.

ಅಜ್ಜಿ ತೊಂಬತ್ತರ ದಶಕದ ಮೊದಲಲ್ಲಿ ತೀರಿಕೊಂಡಳು. ಅದಕ್ಕೂ ಮೊದಲೇ ಟ್ರ್ಯಾಕ್ಟರ್ ಬಂದಿತ್ತು, ಎತ್ತುಗಳು ಒಂದೊಂದಾಗಿ ಹೋಗಿದ್ದವು. ಈಗ ಒಕ್ಕುವುದು ಯಂತ್ರ; ಟಾರು ರಸ್ತೆಯೇ ಕಣವಾಗಿ, ಲಾರಿ ಬಸ್ಸುಗಳೇ ರೋಣಗಲ್ಲಾದ ಕಾಲವೂ ನಡುವೆ ಬಂದುಹೋಯಿತು. ಅರಸೀಕೆರೆಯ ತೆಂಗಿಗೆ 2000ದ ಆಸುಪಾಸಿನಲ್ಲಿ ನುಸಿ ಬಡಿಯಿತು, ಆಮೇಲೆ ಬರ, ಈಚೆಗೆ ಕಪ್ಪುತಲೆ ಹುಳು, ಕಾಂಡ ಸೋರುವ ರೋಗ. ಕಾವಲುಗಳು ಕರಗಿದವು: ಸಾಗುವಳಿ, ಬಡಾವಣೆ, ನೆಡುತೋಪು, ಸಂಸ್ಥೆಗಳು. ಕಡೂರು ಬಳಿಯ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳ ಸಲುವಾಗಿ ಸಂರಕ್ಷಿತ ಪ್ರದೇಶ ಮಾಡಿದ್ದು ಒಳ್ಳೆಯದಾಯಿತು. ತಳಿಯನ್ನು ಅಜ್ಜಂಪುರದ ಸಂವರ್ಧನಾ ಕೇಂದ್ರ ಇನ್ನೂ ಉಳಿಸಿಕೊಂಡಿದೆ; ಅಲ್ಲಿನ ಹೋರಿಗರುಗಳ ಹರಾಜಿಗೆ ಈಗಲೂ ದೂರದೂರದಿಂದ ರೈತರು ಬರುತ್ತಾರೆ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಗುಡಿಯ ಸುತ್ತ ಹುಲ್ಲುಹಾಸು, ಬೇಲಿ, ಕಾವಲುಗಾರರು. ಅಲ್ಲಿ ಇನ್ನು ಯಾರೂ ಮೂರು ಕಲ್ಲು ಹೂಡುವಂತಿಲ್ಲ, ಹೂಡಬಾರದು ಕೂಡ.

ಬೇಲೂರಿನಿಂದ ಮೇಲಕ್ಕೆ ಹೋದರೆ ಹೋಂಸ್ಟೇಗಳು. ಸಂಜೆ ಕ್ಯಾಂಪ್‌ಫೈರ್ ಎಂದು ನೀಲಗಿರಿ ದಿಮ್ಮಿಗಳನ್ನು ಪೇರಿಸಿ, ಸೀಮೆಎಣ್ಣೆ ಸುರಿದು ಹಚ್ಚುತ್ತಾರೆ. ಒಮ್ಮೆ ಮಕ್ಕಳ ಒತ್ತಾಯಕ್ಕೆ ಅಂಥ ಕಡೆ ಉಳಿದಿದ್ದೆ. ಸುತ್ತ ಹಾಡು, ಕುಣಿತ, ಎಲ್ಲ ಸರಿಯೇ. ಅಡುಗೆ ಮಾತ್ರ ಒಳಗೆ ಗ್ಯಾಸಿನ ಮೇಲೆ! ಏನನ್ನೂ ಬೇಯಿಸದ ಅಷ್ಟು ದೊಡ್ಡ ಬೆಂಕಿ ನೋಡಿದ್ದರೆ ಅಜ್ಜಿ ದಿಮ್ಮಿಗಳನ್ನೆಳೆದು ಬದಿಗಿಡುತ್ತಿದ್ದಳು.

ಅಕ್ಕನ ನೋಟ್‌ಬುಕ್ ಹೋದ ವರ್ಷ ನನ್ನ ಕೈಗೆ ಬಂತು. ಅದನ್ನು ಗ್ಯಾಸಿನ ಭಾಷೆಗೆ ತರುವ ಪ್ರಯತ್ನವನ್ನು ನಾನೂ ನನ್ನ ಹೆಂಡತಿಯೂ ಮಾಡುತ್ತಿದ್ದೇವೆ. ಓದುಗರಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಇಷ್ಟು ಹೇಳುತ್ತೇನೆ. ಬದನೆಕಾಯಿ ಗೊಜ್ಜು ಗ್ಯಾಸಿನ ಮೇಲೂ ಆಗುತ್ತದೆ: ಉರಿ ಸಣ್ಣದಿಟ್ಟು ತಿರುಗಿಸುತ್ತಾ ಸುಡಿ, ನೀರಿಗೆ ಅದ್ದದೆ ಸುಲಿಯಿರಿ, ಮಿಕ್ಸಿಗೆ ಹಾಕಬೇಡಿ. ಮುದ್ದೆಗೆ ಹಿಟ್ಟು ಸುರಿದ ತಕ್ಷಣ ಸಿಮ್ ಮಾಡಿದರೆ ಸಾಕು. ಗಿಣ್ಣಿಗೆ ಕುಕ್ಕರಿನಲ್ಲಿ ವೆಯ್ಟ್ ಹಾಕದೆ, ಸಣ್ಣ ಉರಿಯಲ್ಲಿ, ಅವಸರವಿಲ್ಲದೆ. ಅವರೆಯನ್ನು ಮಾತ್ರ ಗ್ಯಾಸಿನ ಮೇಲೆ ಸುಡಲು ಹೋಗಬೇಡಿ, ಅದು ಆಗದು. ಪುಷ್ಯದಲ್ಲಿ ಅರಸೀಕೆರೆ, ತಿಪಟೂರಿನ ಕಡೆ ನಿಮಗೆ ನೆಂಟರಿದ್ದರೆ, ಬಳ್ಳಿ ಸಮೇತ ಒಂದು ಹೊರೆ ಅವರೆಯನ್ನೂ ಎರಡು ಒಣ ಸೋಗೆಯನ್ನೂ ತೆಗೆದಿಡಲು ಮೊದಲೇ ಹೇಳಿ ಹೋಗಿ.